ಟನ್ನಿನ ಲೆಕ್ಕ

ಇನಾಸ್, ನಿನ್ನ ಸೋರಾಝೆನ್ ಹಾರುತ್ತದೆ, ಒಪ್ಪಿದೆ.
ಬೆನ್ನಿಗೆ ಆರು ರೆಕ್ಕೆ, ಎದೆಯಲ್ಲಿ ಸೂರ್ಯನ ಚೂರು,
ಹೊಡೆಯುವ ಮೊದಲು ಹೊಡೆತದ ಹೆಸರು ಕೂಗುವ ಪೋರ.
ಶತ್ರುವೂ ಸಭ್ಯಸ್ಥ, ಕೂಗಿ ಮುಗಿಯುವ ತನಕ ಕಾಯುತ್ತಾನೆ.
ಅರವತ್ತು ಮೀಟರಿನ ಲೋಹ ಚಂದ್ರನಿಂದ ಜಿಗಿದು ಇಳಿದರೂ
ಕೆಳಗಿನ ಊರಲ್ಲಿ ಒಂದು ಹಂಚು ಜಾರುವುದಿಲ್ಲ.
ನಮ್ಮ ಕೋಡಿಬಾಗದಲ್ಲಿ ಮರಳು ಲಾರಿ ಹೋದರೆ
ನನ್ನ ಝೆರಾಕ್ಸ್ ಅಂಗಡಿಯ ಗಾಜು
ಅರ್ಧ ತಾಸು ನಡುಗುತ್ತದೆ, ಮಾರಾಯ.

ನನ್ನದು ಟನೇಜ್.
ಮೂರೇ ಸೀಸನ್ನಿಗೆ ನಿಂತುಹೋದದ್ದು, ಗೊತ್ತು;
ನಿನ್ನದಕ್ಕೆ ಹನ್ನೊಂದು ಸರಣಿ, ನಾಲ್ಕು ಸಿನಿಮಾ, ಊಟದ ಡಬ್ಬಿ ಬೇರೆ.
ಆದರೆ ಟನೇಜಿನಲ್ಲಿ ಯಂತ್ರ ಕಾಲೆತ್ತಿದರೆ
ಆ ಕಾಲನ್ನು ಎಲ್ಲಿಡಬೇಕೆಂದು ಯಾರೋ ಯೋಚಿಸುತ್ತಾರೆ.
ಕೆಸರಿದ್ದರೆ ಹೂಳುತ್ತದೆ. ಗುಂಡು ಮುಗಿಯುತ್ತದೆ.
ಮೊಣಕಾಲಿಗೆ ಗ್ರೀಸ್ ಹಚ್ಚುವ ಒಬ್ಬ ಹೆಂಗಸಿದ್ದಾಳೆ,
ಅವಳಿಗೊಂದು ಹೆಸರಿದೆ, ಹಲ್ಲುನೋವಿದೆ,
ಒಂದಿಡೀ ಕಂತು ಅವಳು ಒಂದು ಬೋಲ್ಟ್ ಹುಡುಕುತ್ತಾಳೆ.
ನೀನು ಆ ಕಂತಿಗೆ ಗೊರಕೆ ಹೊಡೆದೆ.

ಆಟಗಳಿಗೆ ಬಂದರೂ ಅದೇ ಜಗಳ.
ನಿನ್ನದರಲ್ಲಿ ಗುಂಡಿ ಒತ್ತುತ್ತ ಹೋದರೆ ಸಾಕು,
ಬೆಂಕಿ, ಬೆಳಕು, ಪರದೆ ತುಂಬ ಕಾಮನಬಿಲ್ಲು;
ನಿನ್ನ ಹೆಬ್ಬೆರಳು ತಿಂದುಹಾಕಿದ ಗುಂಡಿಗಳಿಗೆ
ಮಡಗಾಂವಿನಿಂದ ರಬ್ಬರು ತರಿಸಿದವಳು ನಾನು.
ನನ್ನದರಲ್ಲಿ ಮೊದಲ ಒಂದು ಗಂಟೆ ಯುದ್ಧವೇ ಇಲ್ಲ.
ಕವಚ ಹೆಚ್ಚಿಸಿದರೆ ವೇಗ ಕಮ್ಮಿ,
ಫಿರಂಗಿ ಏರಿಸಿದರೆ ಕಾವು ಜಾಸ್ತಿ,
ಏನೇ ಮಾಡಿದರೂ ಎಪ್ಪತ್ತು ಟನ್ ಮೀರಬಾರದು.
"ಇದು ಆಟವಲ್ಲ ಸುಲಕ್ಷಾ, ರೇಷನ್ ಅಂಗಡಿ" ಅಂದೆ.
ಆ ವಾರ ನಾನು ನಿನ್ನ ಜೊತೆ ಮಾತಾಡಲಿಲ್ಲ.

ನನಗೆ ಬಗೆಹರಿಯದ್ದು ಒಂದೇ:
ಬೈತಖೋಲದ ಧಕ್ಕೆಯಲ್ಲಿ ಕ್ರೇನ್ ನಡೆಸುವವನು ನೀನು.
ಉಕ್ಕಿನ ತೋಳಿನ ಒಳಗೆ ಕೂತು ಸಂಬಳ ಎಣಿಸುವ
ನನಗೆ ಗೊತ್ತಿರುವ ಒಬ್ಬನೇ ಮನುಷ್ಯ
ಹಾರುವ ಗೊಂಬೆಗೆ ಮನಸೋತದ್ದು ಹೇಗೆ?
ಹಿತ್ತಲ ರಾಕ್ಷಸ ಮದ್ದಲ್ಲವೇ?

ಆಗಸ್ಟಿನ ಆ ರಾತ್ರಿ
ಹಗ್ಗ ಹರಿದುಕೊಂಡ ಟ್ರಾಲರೊಂದು ಧಕ್ಕೆಗೆ ಬಡಿದು
ಅರ್ಧ ಮುಳುಗಿ ಒರಗಿ ಕೂತಿತ್ತು.
ಎತ್ತುವ ಮೊದಲು ಪರವಾನಗಿಯ ನಾಲ್ಕು ಪ್ರತಿ ಬೇಕಂತೆ.
ಮುಳುಗುವ ದೋಣಿಗೂ ಝೆರಾಕ್ಸ್.
ಕಾಗದ ರೇನ್‌ಕೋಟಿನೊಳಗೆ ಅವುಚಿಕೊಂಡು ಏಣಿ ಹತ್ತಿದೆ,
ಮೂವತ್ತೆರಡು ಮೆಟ್ಟಿಲು, ಅಂಗೈ ತುಂಬ ತುಕ್ಕು.

ಒಳಗೆ ನೋಡಿದರೆ ಟನೇಜ್!
ಗಾಳಿಯ ಮುಳ್ಳು, ಭಾರದ ಮುಳ್ಳು, ಕೆಂಪು ಗೆರೆ,
ಎರಡು ಸನ್ನೆ, ಒಂದಕ್ಕೆ ಸೈಕಲ್ ಟ್ಯೂಬು ಸುತ್ತಿದ್ದೀ.
ಹದಿನೆಂಟು. ಹತ್ತೊಂಬತ್ತು.
ಹೊಟ್ಟೆ ತುಂಬ ನೀರು ಕುಡಿದ ದೋಣಿ,
ಕೊಟ್ಟದ್ದನ್ನು ತಿರುಗಿ ಕೇಳಿದ ಹಾಗೆ ಎಳೆಯುವ ಸಮುದ್ರ.
ಇಪ್ಪತ್ತೊಂದಕ್ಕೆ ಅಲಾರಂ ಕೂಗಿತು.
ನೀನು ಕೂಗಲಿಲ್ಲ. ಯಾವ ಹೊಡೆತದ ಹೆಸರೂ ಇಲ್ಲ.
ಕೂದಲೆಳೆಯಷ್ಟು ಸನ್ನೆ ಹಿಂದಕ್ಕೆ,
ನಿಲ್ಲಿಸಿ, ನೀರು ಸುರಿಯಲು ಬಿಟ್ಟು,
ಕೆಳಗೆ ಟಾರ್ಚ್ ಆಡಿಸುವ ಒಂದು ಕೈಯನ್ನೇ ನೋಡುತ್ತ
ಇಪ್ಪತ್ತು, ಹತ್ತೊಂಬತ್ತೂವರೆ,
ಕೊರಳಿನ ಶಿಲುಬೆ ಬೆವರಿಗೆ ಅಂಟಿಕೊಂಡು.

ಎರಡು ತಾಸು. ಅಂದರೆ ನಾಲ್ಕು ಕಂತು.
ದೋಣಿ ಗಾಳಿಯಲ್ಲಿ ತೂಗುತ್ತ
ಹೊಟ್ಟೆಯಿಂದ ಏಡಿ ಉದುರಿಸಿತು,
ಯಾರದೋ ಒಂದು ಚಪ್ಪಲಿಯನ್ನೂ.

ಇಳಿದ ಮೇಲೆ ನಿನ್ನ ಬೆರಳು ಬಿಚ್ಚಲು ಬರಲಿಲ್ಲ;
ಚಹದ ಲೋಟ ನಾನೇ ಹಿಡಿದೆ.
"ದಿನಾ ಇದನ್ನೇ ಮಾಡುವವನು
ರವಿವಾರವೂ ಟನ್ ಎಣಿಸಬೇಕಾ?" ಅಂದೆ,
ಅಷ್ಟೇ, ಜಗಳದ ದನಿಯಲ್ಲೂ ಅಲ್ಲ.

ನಾನು ದಿನವಿಡೀ ಎತ್ತುವುದು ಕಾಗದ.
ಒಂದು ಹಾಳೆ ಐದು ಗ್ರಾಂ.
ಅದಕ್ಕೇ ಇರಬೇಕು.

ಮುಂದಿನ ರವಿವಾರ ನಿನ್ನದನ್ನೇ ಹಾಕಿದೆವು.
ಆರು ರೆಕ್ಕೆ ಬಿಚ್ಚಿ ಮೊದಲ ಸಲ ಹಾರಿದೆ,
ಹೊಡೆತದ ಹೆಸರೂ ಕೂಗಿದೆ,
ಪಕ್ಕದ ಮೊಬೈಲ್ ಅಂಗಡಿಯವನು ಇಣುಕಿ ಹೋದ.
ಚೆನ್ನಾಗಿತ್ತು, ಇನಾಸ್. ನಿಜವಾಗಿ ಚೆನ್ನಾಗಿತ್ತು.
ಆದರೂ ಹೇಳುತ್ತೇನೆ,
ಇಳಿದಾಗ ಒಂದಾದರೂ ಹಂಚು ಜಾರಬೇಕಿತ್ತು.