ಒಂದು ಫುಲ್

ಇಪ್ಪತ್ತಾರು ವರ್ಷ ಬೆಂಗಳೂರಿಗೆ ಬಂದಿದ್ದೇನೆ,
ದಿನ ಬಿಟ್ಟು ದಿನ.
ದುರ್ಗ ಡಿಪೋದ ಐದೂಕಾಲಿನ ಗಾಡಿ,
ಹತ್ತಕ್ಕೆ ಮೆಜೆಸ್ಟಿಕ್, ಹತ್ತೂವರೆಗೆ ವಾಪಸ್.
ಹಾಗಾಗಿ ಬೆಂಗಳೂರು ಅಂದರೆ ನನಗೆ
ಕಂಟ್ರೋಲರನ ಕಿಟಕಿ, ಎರಡು ಇಡ್ಲಿ,
ಹೆಂಗಸರ ಪಾಯಿಖಾನೆಯ ಮುಂದಿನ ಕ್ಯೂ.
"ನಿಮಗೇನು ಬಿಡಿ, ದಿನಾ ಬೆಂಗಳೂರು ನೋಡ್ತೀರ"
ಅನ್ನುತ್ತಿದ್ದರು ಓಣಿಯವರು.
ನಾನೂ ಹೂಂ ಅನ್ನುತ್ತಿದ್ದೆ.

ಮೇ ಮೂವತ್ತೊಂದಕ್ಕೆ ನಿವೃತ್ತಿ.
ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ.
ಗಡಿಯಾರ ಯಾಕೆ ಕೊಡುತ್ತಾರೋ
ಇನ್ನು ಟೈಮು ನೋಡಬೇಕಿಲ್ಲದವರಿಗೆ.
ಜೂನ್ ಒಂಬತ್ತಕ್ಕೆ ಅದೇ ಗಾಡಿ ಹತ್ತಿದೆ,
ತಂಗಿಗೆ ಮಾತ್ರ ಹಲ್ಲಿನ ಡಾಕ್ಟರು ಅಂದೆ.

ಲಾಲ್‌ಬಾಗಿನ ಬಂಡೆ ಮುನ್ನೂರು ಕೋಟಿ ವರ್ಷದ್ದಂತೆ,
ಬೋರ್ಡು ಹಾಕಿದ್ದಾರೆ.
ಇರಲಿ. ದುರ್ಗದವಳು ನಾನು,
ಇಷ್ಟು ಕಲ್ಲಿನ ಮೇಲೆ ನಮ್ಮಲ್ಲಿ
ಹಪ್ಪಳ ಒಣಗಿಸುತ್ತೇವೆ.
ಆದರೂ ಕೂತೆ, ಚುರುಮುರಿ ಅಂತ ಕೊಟ್ಟ ಮಂಡಕ್ಕಿ ತಿಂದೆ.
ಮಾರ್ಕೆಟ್ಟಿನಲ್ಲಿ ಮೊಳ ಕನಕಾಂಬರ ಮುಡಿದು
ಟಿಪ್ಪುವಿನ ಮರದ ಅರಮನೆಯಲ್ಲಿ ಕಂಬ ಹಿಡಿದು ನಿಂತರೆ
ಕಾವಲಿನವನು ಸೀಟಿ ಊದಿದ: ಮುಟ್ಟಬಾರದು.
ಏನಾದರೂ ಹಿಡಿಯದೆ ನಿಂತು ಅಭ್ಯಾಸವಿಲ್ಲ ಅಂತ
ಅವನಿಗೆ ಹೇಗೆ ಹೇಳಲಿ.

ಮೆಟ್ರೋದಲ್ಲಿ ಬಿಲ್ಲೆ ತೋರಿಸಿದರೆ
ಗೇಟೇ ತೆರೆದುಕೊಳ್ಳುತ್ತದೆ,
ಬೈಯುವುದಿಲ್ಲ, ಚಿಲ್ಲರೆ ಕೇಳುವುದಿಲ್ಲ,
"ಒಳಗೆ ಹೋಗ್ರಿ, ಒಳಗೆ ಖಾಲಿ ಐತೆ" ಅನ್ನುವುದಿಲ್ಲ.
ಸ್ವಲ್ಪ ಸಿಟ್ಟು ಬಂತು.
ಗಾಡಿ ಬದಲಿಸಬೇಕಾದದ್ದು ಮೆಜೆಸ್ಟಿಕ್ಕಿನಲ್ಲೇ, ನೆಲದ ಅಡಿ.
ಎಸ್ಕಲೇಟರಿನ ಮೇಲೆ ನಿಂತು ಲೆಕ್ಕ ಹಾಕಿದೆ:
ನನ್ನ ಪ್ಲಾಟ್‌ಫಾರ್ಮು ಈಗ
ಸರಿಯಾಗಿ ನೆತ್ತಿಯ ಮೇಲಿರಬೇಕು.
ಅಲ್ಲಿ ಯಾರೋ ಟ್ರಿಪ್ ಶೀಟು ತುಂಬುತ್ತಿರಬೇಕು,
ಅವಳ ಕಾಲು ನೋಯುತ್ತಿರಬೇಕು.

ಇಂದಿರಾನಗರ. ಬಾಗಿಲಲ್ಲಿ ಟ್ಯಾಬು ಹಿಡಿದ ಹುಡುಗ.
"ಎಷ್ಟು ಜನ ಮೇಡಂ?"
ಬಾಯಿಗೆ ತಾನಾಗಿ ಬಂತು: "ಒಂದು ಫುಲ್."
"ಹೆಸರು?" "ತಿಪ್ಪೀರಮ್ಮ."
ಎರಡು ಸಲ ಹೇಳಿಸಿದ.

ಗಾಜಿನ ಹಿಂದೆ ತಾಮ್ರದ ಹಂಡೆಗಳು,
ಮದುವೆ ಮನೆಯವಕ್ಕಿಂತ ದೊಡ್ಡವು.
ಮರದ ಹಲಗೆಯ ಕುಳಿಗಳಲ್ಲಿ ನಾಲ್ಕು ಪುಟ್ಟ ಗ್ಲಾಸು:
ಮಿಷನ್ನು ಬರುವ ಮುಂಚಿನ ನಮ್ಮ ಟಿಕೆಟ್ ಟ್ರೇ ಹಾಗೇ,
ರೇಟಿಗೊಂದು ಬಣ್ಣ.
ಗೋಧಿಯದಕ್ಕೆ ಕಳಿತ ಬಾಳೆಹಣ್ಣಿನ ವಾಸನೆ.
ಬೆಲ್ಲದ್ದು ಕೆಮ್ಮಿನ ಔಷಧಿ.
ಕಪ್ಪನೆಯದು, ಮುನಿಸಿಕೊಂಡ ಕಾಫಿ.
ನಾಲ್ಕನೆಯದು ಕಹಿ.
ಇಟ್ಟೆ. ಮತ್ತೆ ಎತ್ತಿಕೊಂಡೆ.
"ಯಾಕಪ್ಪ ಇದು ಕಹಿ?"
"ಹೂವು ಹಾಕ್ತಾರೆ ಮೇಡಂ, ಹಾಪ್ಸ್ ಅಂತ."
ಕಹಿಯಾಗಲಿ ಅಂತಲೇ ಹೂವು ಬೆಳೆಯುವವರು
ಲೋಕದಲ್ಲಿದ್ದಾರೆ. ಅರವತ್ತು ತುಂಬುವ ತನಕ ತಿಳಿದಿರಲಿಲ್ಲ.
ಅದನ್ನೇ ದೊಡ್ಡ ಗ್ಲಾಸಿನಲ್ಲಿ ತರಿಸಿದೆ.

ಪಕ್ಕದ ಮೇಜಿನಲ್ಲಿ ಜಪಾನಿನವನು, ಅವನೂ ಒಂದೇ ಫುಲ್.
ಪುಟ್ಟ ಪುಸ್ತಕದಲ್ಲಿ ಲಾಲ್‌ಬಾಗಿನ ಟಿಕೆಟ್ ಅಂಟಿಸುತ್ತಿದ್ದ,
ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಒತ್ತಿ ಒತ್ತಿ.
ನಾನು ಹರಿದುಕೊಟ್ಟ ಲಕ್ಷಾಂತರದಲ್ಲಿ
ಒಂದನ್ನಾದರೂ ಯಾರಾದರೂ ಹೀಗೆ ಇಟ್ಟುಕೊಂಡರೇ?
ಸುರುಳಿ ಸುತ್ತಿ ಕಿವಿ ಕೆರೆದುಕೊಂಡದ್ದೇ ನೋಡಿದ್ದು.
ನಾನು ನೋಡುವುದನ್ನು ಕಂಡು ಗ್ಲಾಸೆತ್ತಿ
ಅವನ ಮಾತಿನಲ್ಲಿ ಏನೋ ಅಂದ.
ಗ್ಲಾಸು ತಾಗಿಸಿ ನಾನಂದೆ: "ರೈಟ್."
"ರೈಟೋ" ಅಂದ. ಬಹಳ ಹೊತ್ತು ನಕ್ಕೆವು.

ರಾತ್ರಿ ಒಂಬತ್ತೂಮುಕ್ಕಾಲಿನ ಗಾಡಿ. ಕಿಟಕಿ ಸೀಟು.
ಬಾಯಲ್ಲಿ ಮೂರು ಏಲಕ್ಕಿ.
ಹೊಸ ಹುಡುಗಿ ಆಧಾರ್ ನೋಡಿ
ಸೊನ್ನೆ ರೂಪಾಯಿಯ ಟಿಕೆಟ್ ಹರಿದಳು.
ಅವಳಿಗೆ ಗುರುತು ಸಿಗಲಿಲ್ಲ, ನಾನೂ ಹೇಳಲಿಲ್ಲ.
ಚಿಲ್ಲರೆ ಇಲ್ಲದಾಗ ಪ್ಯಾಸೆಂಜರಿಗೆ
ಬರೆದುಕೊಡುತ್ತಿದ್ದ ಹಾಗೇ
ಟಿಕೆಟ್ಟಿನ ಬೆನ್ನಿಗೆ ಬರೆದೆ:
ಬಾಕಿ: ಕಬ್ಬನ್ ಪಾರ್ಕು,
ಮ್ಯೂಸಿಯಮ್ಮು,
ಕಪ್ಪನೆಯದರಲ್ಲಿ ಉಳಿಸಿದ ಅರ್ಧ ಗ್ಲಾಸು.
ಕೆಳಗೆ ಸಹಿ, ಬ್ಯಾಡ್ಜ್ ನಂಬರ್ ಸಮೇತ.

ಅಷ್ಟರಲ್ಲಿ ಗೊರಗುಂಟೆಪಾಳ್ಯ.
ಕೈಚೀಲ ಎತ್ತಿಕೊಂಡು ಯಾರೋ ಹಿಂದೆ ಓಡಿಬರುತ್ತಿದ್ದರು,
ಹುಡುಗಿ ಮಿಷನ್ನು ನೋಡುತ್ತಿದ್ದಳು.
"ಹೋಲ್ಡಾನ್!"
ಕೂಗಿದ್ದು ನಾನೇ.
ಡ್ರೈವರು ಬ್ರೇಕ್ ಒತ್ತಿದ.