ಪೌಂಡ್ ಕಂಡರೆ ನ

ಹಳೆಯ ವಿಂಡೋಸಿಗೆ ಇನ್ನು ಮದ್ದಿಲ್ಲ
ಎಂದ ಉಳ್ಳಾಲದ ತಂಝೀಲ್, ಸಿಪಿಯುವಿನ ಬೆನ್ನು ತಟ್ಟಿ.
ಹೊಸದು ಕೊಳ್ಳಲು ಅದ್ದುಚ್ಚನ ಬಳಿ ದುಡ್ಡಿಲ್ಲ.
ಮದುವೆ ಕಾಗದಕ್ಕೂ ಈಗ ವಾಟ್ಸಾಪೇ ಪ್ರೆಸ್ಸು,
ಬಂದರಿನ ಈ ಅಂಗಡಿಗೆ ಬರುವವರು ಯಾರು?
ಪುಕ್ಕಟೆಯದೊಂದು ಹಾಕಿಕೊಟ್ಟು
'ಎಲ್ಲ ಒಂದೇ ಹಿಲ್ಡಾ ಬಾಯಿ, ಎರಡು ದಿನ ಸಾಕು'
ಎಂದು ಹೆಲ್ಮೆಟ್ಟು ಹಾಕಿ ಹೋದ.

ಇವತ್ತು ಹದಿನೇಳನೆಯ ದಿನ.

ಮುಚ್ಚುವ ಗುಂಡಿ ಎಡಮೂಲೆಗೆ ಹೋಗಿದೆ.
ನನ್ನ ಕೈ ಬಲಕ್ಕೇ ಹೋಗಿ ಖಾಲಿ ಜಾಗ ಒತ್ತುತ್ತದೆ,
ಒನ್‌ವೇ ಮಾಡಿದ ಮೇಲೂ ಹಂಪನಕಟ್ಟೆಯ
ಹಳೆಯ ಸ್ಟಾಪಿನಲ್ಲೇ ನಿಂತು
ಇಪ್ಪತ್ತೇಳನ್ನು ಕಾಯುವವರ ಹಾಗೆ.
ಬಸ್ಸು ಬರುವುದಿಲ್ಲವೆಂದು ಅವರಿಗೂ ಗೊತ್ತುಂಟು.
ಕಾಲಿಗೆ ಗೊತ್ತಿಲ್ಲ.

ಸಿ ಎಲ್ಲಿ, ಡಿ ಎಲ್ಲಿ ಎಂದರೆ
ಇದರಲ್ಲಿ ಹಾಗೆಲ್ಲ ಇಲ್ಲವಂತೆ,
ಒಂದೇ ಬೇರು, ಉಳಿದದ್ದೆಲ್ಲ ಗೆಲ್ಲು.
ಆಯ್ತು. ಹತ್ತಿ ಇಳಿದು, ಇಳಿದು ಹತ್ತಿ
ಇಪ್ಪತ್ತೆರಡು ವರ್ಷದ ನನ್ನ ಡಿ ಸಿಕ್ಕಿತು:
ರೋಸು, ನಿಕಾಹು, ಒಕ್ಕಲು, ಬೊಜ್ಜ, ವರ್ಷಾಂತಿಕ.
ಬೊಜ್ಜದ್ದೇ ಉದ್ದ.

ಪ್ರಿಂಟರು ಜೋಡಿಸಲೂ ಪಾಸ್‌ವರ್ಡು ಬೇಕು.
ಕಪ್ಪು ಪರದೆಯಲ್ಲಿ ಒತ್ತಿದರೆ ಚುಕ್ಕಿ ಇಲ್ಲ, ನಕ್ಷತ್ರ ಇಲ್ಲ,
ಕರ್ಸರು ನಿಂತಲ್ಲೇ ನಿಂತು ಮಿಟುಕುತ್ತದೆ.
ಕೀಬೋರ್ಡು ಸತ್ತಿತೆಂದು ತಲೆಕೆಳಗು ಮಾಡಿ ಕುಟ್ಟಿದೆ;
ಅವಲಕ್ಕಿ ಚೂರು ಬಿತ್ತು.
ಮತ್ತೆ ತಿಳಿಯಿತು, ಇದು ಕುಮ್ಸಾರಿನ ಜಾಳಿಗೆ.
ಆಚೆ ಇರುವವರು ಹೂಂ ಎನ್ನುವುದಿಲ್ಲ,
ಈಚೆಯವಳು ಪೂರ್ತಿ ಹೇಳಿ ಮುಗಿಸಬೇಕು.

ಹೊಸ ಭಾಷೆಗೆ ಹೆದರುವ ಊರಾ ಮಾರಾಯ್ರೆ ನಮ್ಮದು?
ಮನೆಯಲ್ಲಿ ಕೊಂಕಣಿ, ಬಂಗುಡೆಗೆ ಚೌಕಾಸಿ ತುಳುವಿನಲ್ಲಿ,
ಅದ್ದುಚ್ಚನ ಹತ್ತಿರ ಜಗಳ ಬ್ಯಾರಿಯಲ್ಲಿ,
ಕಾಗದಕ್ಕೆ ಇಳಿಸುವಾಗ ಕನ್ನಡ.
ಬಾಯಿಗೆ ಅದು ಲೆಕ್ಕವೇ ಅಲ್ಲ. ಬೆರಳು ಮಾತ್ರ ಹಠಮಾರಿ.
'ಸೂರ್ಯ'ನಿಗೆ ನಾನು ಕೊನೆಗೆ ಇಡುತ್ತಿದ್ದ ಅರ್ಕಾವೊತ್ತನ್ನು
ಇದು ಮೊದಲೇ ಕೇಳುತ್ತದೆ:
ಮೊದಲು ರ, ಆಮೇಲೆ ಯ,
ನಾಲಿಗೆ ಅನ್ನುವ ಕ್ರಮವೇ ಸರಿಯಂತೆ.
ಇಷ್ಟು ವರ್ಷ ನಾನು ಕಣ್ಣಿನ ಕ್ರಮದಲ್ಲಿ ಬರೆದೆನಾ?

ಮಧ್ಯಾಹ್ನ ಬೆಂಗ್ರೆಯಿಂದ ದೋಣಿ ದಾಟಿ ಜಲಜಾಕ್ಷಿ ಬಂದರು.
ಗಂಡನ ಐದನೆಯ ವರ್ಷ.
'ಹೋದ ಸಲದ್ದೇ ಸಾಕು, ನಾಲ್ಕು ಇದ್ದಲ್ಲಿ ಐದು ಮಾಡಿ.'
ತೆರೆದೆ. ಹಳೆಯ ಫಾಂಟು ಇಲ್ಲಿಲ್ಲ.
ತಲೆಗೆ ಗೀಟು, ಚುಕ್ಕಿ ಸಿಕ್ಕಿಸಿಕೊಂಡ
ಪರದೇಶಿ ಅಕ್ಷರ ಪರದೆ ತುಂಬ.
ಅವರು ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು:
'ಇದೆಂಥದು ಬಾಯಿ? ಇವರ ಹೆಸರೆಲ್ಲಿ?'

ಕಲಿತದ್ದೇ ನೆನಪಿಲ್ಲದ ವಿದ್ಯೆಯೊಂದು
ಆಗ ನನ್ನೊಳಗೆ ಎದ್ದು ಕೂತಿತು.
ಫಾಂಟು ಕೈಕೊಟ್ಟಾಗಲೆಲ್ಲ ಕಂಡು ಕಂಡು ರೂಢಿಯಾದದ್ದು—
ಪೌಂಡ್ ಕಂಡರೆ ನ, ಯೆನ್ ಕಂಡರೆ ಪ.
ಗಾಜಿನ ಮೇಲೆ ಬೆರಳಿಟ್ಟು ಓದಿದೆ:
ವಾಮನ ಪುತ್ರನ್.
'ಇಗೊಳ್ಳಿ, ಇದು ಜಪಾನಿನ ದುಡ್ಡು. ಇವೆರಡು ಇಂಗ್ಲೆಂಡಿನದ್ದು.'

ಜಲಜಾಕ್ಷಿ ಸೆರಗು ಬಾಯಿಗೊತ್ತಿ ನಕ್ಕರು.
'ಮೀನಿನ ದುಡ್ಡು ಒಂದು ದಿನ ಮನೆ ಮುಟ್ಟಿಸದ ಮನುಷ್ಯ,
ಹೆಸರಿನೊಳಗೆ ಅಡಗಿಸಿಟ್ಟದ್ದಾ!'
ಆಮೇಲೆ ನಗುವನ್ನು ಎಲ್ಲಿಡುವುದೆಂದು ತಿಳಿಯದೆ
ಫ್ಯಾನು ನೋಡಿದರು.

ಹೊಸದಾಗಿಯೇ ಬರೆದೆ.
'ಸ್ವರ್ಗಸ್ಥರಾದ' ಎನ್ನುವಲ್ಲಿ ಬೆರಳು ತಡೆಯಿತು.
ಮೊದಲು ರ. ಆಮೇಲೆ ಗ.
ಬಂತು.

ಐವತ್ತು ಕಾರ್ಡು ಎಣಿಸಿ ಕೊಟ್ಟೆ.
ಬಾಗಿಲವರೆಗೆ ಹೋದವರು ತಿರುಗಿ ಬಂದರು,
ಕೊನೆಯ ದೋಣಿಗೆ ಹೊತ್ತಾಗಿದ್ದರೂ:
'ಆ ದುಡ್ಡಿನದ್ದೂ ಒಂದು ತೆಗೆಯಿರಿ.
ಹಂಚಲಿಕ್ಕಲ್ಲ. ನನಗೆ ಇರಲಿ.'

ಪ್ರಿಂಟರು ಮತ್ತೆ ಪಾಸ್‌ವರ್ಡು ಕೇಳಿತು.
ಏನೂ ಕಾಣದ ಆ ಗೆರೆಯ ಮೇಲೆ
ಒಂದೊಂದೇ ಒತ್ತುತ್ತ ಹೋದೆ.