ನಲವತ್ತಕ್ಕ ನಿಂತದ್ದು

ನನ್ನ ಅಡಾಪ್ಟರು ಹಚ್ಚಿದೆ, ದೀಪ ಹತ್ತಲಿಲ್ಲ.
ಪಿನ್ನು ಅಲುಗಿಸಿದರ ಹತ್ತಿತು, ಕೈ ಬಿಟ್ಟರ ಆರಿತು.
"ಮನ್ಯಾಗೂ ಹಿಂಗರೀ,
ವೈರು ಸೊಟ್ಟ ಮಾಡಿ, ಮ್ಯಾಲ ಅಡಕೊತ್ತು ಹೇರಿ ಕುಂದರತೀನಿ."
ದಾನಮ್ಮ ಹಟಗಾರ, ಬನಹಟ್ಟಿ,
ಸೀರಿ ದಡಿಗೆ ನಮೂನಿ ಬರಿಯಾಕಿ.

ಟಾರ್ಚು ಬಿಟ್ಟೆ ಆ ಸಣ್ಣ ಬಾಯಿಯೊಳಗ:
ಮಗ್ಗದ ಜುಂಗು.
ಚಿಮಟಾಕ್ಕ ಮೊದಲು ಹಸರು ಬಂತು,
ಅದರ ಹಿಂದ ಕೆಂಪು,
ತಳದಾಗ ಕಲ್ಲಿನಂಗ ಒತ್ತಿಕೊಂಡಿದ್ದ ನೀಲಿ.
"ಹಸರು ಈ ವಾರದ್ದು" ಅಂದಳು,
"ಕೆಂಪು ದೀಪಾವಳಿ ಮಾಲು.
ನೀಲಿ…
ನೀಲಿ ನೇಯುವಾಗ ಅವ್ವ ಇನ್ನೂ ಕಂಡಿಕಿ ಸುತ್ತತಿದ್ದಳು."

ಈಗ ದೀಪ ಗಟ್ಟಿ ಹತ್ತಿತು.
ಆದರ ನಲವತ್ತು ಅಂತ ತೋರಿಸಿ
ಒಮ್ಮೆಲೆ ಸತ್ತುಹೋಗತೈತಿ.
ತಳ ಬಿಚ್ಚಿದೆ. ಬ್ಯಾಟರಿ ಉಬ್ಬಿತ್ತು.
ರೊಟ್ಟಿ ಉಬ್ಬಿದರ ಛಲೋ ತಂಗಿ,
ಇದು ಉಬ್ಬಬಾರದು; ಮನ್ಯಾಗ ಇಟಗೋಬ್ಯಾಡ.
ಹೊಸಾದು ಹುಬ್ಬಳ್ಳಿಯಿಂದ ಬರಬೇಕು, ನಾಕು ದಿನ.
ಅಲ್ಲೀತನಕ ಬರೀ ವೈರಿನ ಮ್ಯಾಲ ನಡಸು,
ಕರೆಂಟು ಹ್ವಾದರ ಬರದದ್ದೂ ಹೋಗತೈತಿ,
ಒಂದೊಂದು ಹೂವಿಗೂ ಸೇವ್ ಒತ್ತು.

ನಕ್ಕಳು. "ಕರೆಂಟು ಹ್ವಾದರ ಮಗ್ಗಾನೂ ನಿಂದರತೈತಿ,
ಎಳಿ ಎಲ್ಲಿ ಹರಿತೋ ಅಲ್ಲೇ ಗಂಟು.
ಅಷ್ಟೂ ಬರೂದಿಲ್ಲೇನು ನಮಗ?"

ಟೇಬಲ್ಲು ಊದಾಕ ಬಗ್ಗಿದ್ದೆ,
ತಡದಳು.
ಹಸರು ಕೆಂಪು ಅಲ್ಲೇ ಬಿಟ್ಟು
ನೀಲಿ ಅಷ್ಟ ರಸೀದಿಯೊಳಗ ಮಡಚಿದಳು.

ಬಾಯಿ ಸ್ವಚ್ಛ ಮಾಡಿದ್ದಕ್ಕ ಐವತ್ತು ಅಂದೆ.
ಎಷ್ಟು ಎಳದರೂ
ಆಕೀನೂ ನಲವತ್ತಕ್ಕ ನಿಂತಳು.